ಅನಸೂಯಮ್ಮನ ಹೆಸರಿನಲ್ಲಿ ಹೋದ ಹುರುಳಿಕಾಯಿ

ಚಿಕ್ಕಕುಂಟೆಯ ಹೆಂಗಸರಿಗೆ ಗಂಗಾಲಕ್ಷ್ಮಿ ಇದ್ದಾಳೆಂದರೆ ಒಂದು ಧೈರ್ಯ. ಫೋನಿಗೆ ಬ್ಯಾಂಕಿನಿಂದ ಏನಾದರೂ ಬಂದರೆ ಅವಳ ಹತ್ತಿರ ಓಡುತ್ತಿದ್ದರು. ಗ್ಯಾಸ್ ಬುಕ್ ಮಾಡಲು, ಆಧಾರ್ ನಂಬರು ಹುಡುಕಲು, ಮಗುವಿನ ಸಿರಪ್ಪಿನ ಬಾಟಲಿ ಮೇಲೆ ಏನು ಬರೆದಿದೆ ಎಂದು ಕೇಳಲು ಎಲ್ಲಕ್ಕೂ ಅವಳೇ ಬೇಕು. ಅವಳಿಗೂ ಹಾಗೆ ಕರೆಸಿಕೊಳ್ಳುವುದು ಇಷ್ಟವೇ ಆಗಿತ್ತು. ಯಾರಿಗೂ ಇಲ್ಲ ಎಂದು ಹೇಳಿ ಗೊತ್ತಿಲ್ಲದ ಜೀವ.

ಹುಟ್ಟಿದ್ದು ಆಂಧ್ರದ ಗಡಿಗೆ ಅಂಟಿಕೊಂಡ ಗೌನಿಪಲ್ಲಿಯಲ್ಲಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಪಿಯುಸಿ ಮುಗಿಸಿದ ವರ್ಷವೇ ಮದುವೆಯಾಗಿ ಟೇಕಲ್ ಬೆಟ್ಟದ ಹಿಂದಿರುವ ಈ ಊರಿಗೆ ಬಂದಳು. ಗಂಡ ನರೇಶ ನರಸಾಪುರದ ಕಾರ್ಖಾನೆಯೊಂದಕ್ಕೆ ಶಿಫ್ಟಿಗೆ ಹೋಗುವವನು. ಹೊಸದರಲ್ಲಿ ಅವಳೂ ಕಂಪನಿ ಬಸ್ಸು ಹತ್ತಿ ಅಲ್ಲಿಗೇ ಹೋಗಿ, ಕಾರ್ಖಾನೆಗಳಿಗೆ ಊಟ ಕಳಿಸುವ ದೊಡ್ಡ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದಳು. ಮಗಳು ಹುಟ್ಟಿದ ಮೇಲೆ ಬಿಟ್ಟಳು. ಮಗಳು ಶಾಲೆಗೆ ಸೇರಿದ ಮೇಲೆ ಮತ್ತೆ ಏನಾದರೂ ಮಾಡಬೇಕೆಂದು ಕೈ ಚಡಪಡಿಸುತ್ತಿದ್ದಾಗ ಮಾಲೂರಿನಲ್ಲಿ ಬೆಟ್ಟದಸಾಲು ರೈತರ ಕಂಪನಿ ಶುರುವಾಯಿತು. ಸುತ್ತಲಿನ ಹಳ್ಳಿಗಳ ತರಕಾರಿಯನ್ನು ಮಂಡಿಗೆ ಹಾಕದೆ ನೇರ ನರಸಾಪುರದ ಆ ಅಡುಗೆಮನೆಗೇ ಕಳಿಸುವ ಕಂಪನಿ. ಚಿಕ್ಕಕುಂಟೆಯ ಹಾಲಿನ ಡೈರಿ ಪಕ್ಕದ ಶೆಡ್ಡಿನಲ್ಲಿ ಅದರ ಕಲೆಕ್ಷನ್ ಸೆಂಟರು. ಅದನ್ನು ನೋಡಿಕೊಳ್ಳುವವಳು ಗಂಗಾಲಕ್ಷ್ಮಿ.

ಕಂಪನಿಯ ಮ್ಯಾನೇಜರು ಉಮಾಶಂಕರ್ ಮುಳಬಾಗಿಲಿನ ಕಡೆಯವನು, ಕೃಷಿ ಓದಿಕೊಂಡವನು, ಒಳ್ಳೆಯ ಮಾತುಗಾರ. ಮೊದಲ ಮೀಟಿಂಗಿನಲ್ಲಿ ಅವನು ಆ್ಯಪ್ ತೆರೆದು ತೋರಿಸಿದಾಗ ಗಂಗಾಲಕ್ಷ್ಮಿಗೆ ನಿಜವಾಗಿಯೂ ಖುಷಿಯಾಗಿತ್ತು. ಯಾರ ಹೊಲದ ಯಾವ ತರಕಾರಿ ಯಾವ ಕ್ರೇಟಿನಲ್ಲಿ, ಯಾವ ಗಾಡಿಯಲ್ಲಿ ಹೊರಟಿತು ಎನ್ನುವುದು ರೈತನಿಗೂ, ಮಾಲೂರಿನ ಆಫೀಸಿಗೂ, ನರಸಾಪುರದ ಅಡುಗೆಮನೆಗೂ ಒಂದೇ ಸಲಕ್ಕೆ ಕಾಣುತ್ತದೆ. ನಾಳೆ ಏನು ಬೇಕು ಎನ್ನುವುದು ಇವತ್ತೇ ಗೊತ್ತಾಗುತ್ತದೆ. ಒಂದು ಕ್ರೇಟಿನಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ಆ ಕ್ರೇಟನ್ನಷ್ಟೇ ಎತ್ತಿ ಪಕ್ಕಕ್ಕಿಡಬಹುದು.

ಆದರೆ ಊರು ಆ್ಯಪಿನ ಹಾಗಿರಲಿಲ್ಲ. ರೈತ ತನ್ನ ತರಕಾರಿ ಕೊಟ್ಟಾಗ ಅವನ ಫೋನಿಗೆ ಓಟಿಪಿ ಬರಬೇಕು, ಅದನ್ನು ಹೇಳಿದರಷ್ಟೇ ಕ್ರೇಟಿಗೆ ಸ್ಟಿಕ್ಕರು. ಚಿಕ್ಕಕುಂಟೆಯಲ್ಲಿ ತರಕಾರಿ ಕೀಳುವವರು ಹೆಂಗಸರು, ಹೊತ್ತು ತರುವವರೂ ಹೆಂಗಸರು, ನಂಬರು ಮಾತ್ರ ಗಂಡಸರದ್ದು. ಆ ಗಂಡಸರಲ್ಲಿ ಅರ್ಧ ಜನ ನರಸಾಪುರದ ಕಾರ್ಖಾನೆಗಳಲ್ಲಿ. ಅಲ್ಲಿ ಫೋನನ್ನು ಲಾಕರಿನಲ್ಲಿಟ್ಟು ಒಳಗೆ ಹೋಗಬೇಕು. ಓಟಿಪಿ ಬಂದು ಲಾಕರಿನೊಳಗೆ ಮಿಣುಕಿ ಆರಿಹೋಗುತ್ತಿತ್ತು, ಇಲ್ಲಿ ಹೆಂಗಸರು ಕ್ರೇಟಿನ ಪಕ್ಕ ಕುಕ್ಕುರುಗಾಲಿನಲ್ಲಿ ಕೂತಿರುತ್ತಿದ್ದರು.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಪ್ರತಿ ಸಲವೂ ಆ್ಯಪ್ ಕೇಳುತ್ತಿತ್ತು: ಈ ಹೊಲಕ್ಕೆ ಔಷಧಿ ಹೊಡೆದಿದ್ದೀರಾ, ಯಾವಾಗ? ಆ ಪ್ರಶ್ನೆ ಬಂದರೆ ಗಂಡಸರ ಮುಖ ಗಂಟಾಗುತ್ತಿತ್ತು. ಎಲ್ಲರಿಗಿಂತ ಹೆಚ್ಚು ಸಿಡುಕುತ್ತಿದ್ದವನು ಅಶ್ವತ್ಥಪ್ಪ.

"ನಾವು ಮದ್ದು ಹೊಡದ್ವಿ ಅಂತ ನಾವೇ ಬರ್ಕೊಡ್ಬೇಕಾ? ನಾಳೆ ಅದನ್ನೇ ತೋರ್ಸಿ ನಿಮ್ಮ ಮಾಲು ಬೇಡ ಅಂತಾರೆ. ಮಂಡೀಲಿ ಯಾವನಾದ್ರೂ ಹಿಂಗೆ ಕೇಳಿದ್ದುಂಟಾ? ನನ್ ಹೊಲದ ಸುದ್ದಿ ಊರಿಗೆಲ್ಲಾ ಯಾಕಮ್ಮ?"

ಗಂಗಾಲಕ್ಷ್ಮಿ ಉಮಾಶಂಕರನಿಗೆ ಫೋನ್ ಮಾಡಿ ಮಾಡಿ ಸೋತಳು. ಅವನು ಪ್ರತಿಸಲವೂ ಹೇಳಿದ್ದು ಒಂದೇ: "ಹೊಸದರಲ್ಲಿ ಹಾಗೇನೇ. ಹೇಗಾದ್ರೂ ಅಡ್ಜಸ್ಟ್ ಮಾಡಿ ಗಂಗಾಲಕ್ಷ್ಮಿ. ಗಾಡಿ ಮಾತ್ರ ಹೊತ್ತಿಗೆ ಸರಿಯಾಗಿ ಹೊರಡ್ಬೇಕು, ಸ್ಕ್ರೀನಲ್ಲಿ ಎಲ್ಲಾ ಹಸಿರು ಇರ್ಬೇಕು."

ಅವಳು ಅಡ್ಜಸ್ಟ್ ಮಾಡಿದಳು. ಅನಸೂಯಮ್ಮ ಗಂಡ ತೀರಿಕೊಂಡ ಹೆಂಗಸು. ಹೊಲವೂ ಅವಳ ಹೆಸರಿನಲ್ಲಿ, ಫೋನೂ ಅವಳದೇ, ಮನೆಯೂ ಸೆಂಟರಿನ ಎದುರಿಗೇ. ಕೂಗಿದರೆ ಓಟಿಪಿ ಹೇಳುತ್ತಿದ್ದಳು. ಒಂದು ದಿನ ಅರ್ಜೆಂಟಿಗೆ ಇನ್ನೊಬ್ಬರ ಕ್ರೇಟನ್ನು ಅವಳ ಹೆಸರಿಗೆ ಹಾಕಿದ್ದಾಯಿತು. ಆಮೇಲೆ ಮತ್ತೊಬ್ಬರದು. ತಿಂಗಳು ಕಳೆಯುವಷ್ಟರಲ್ಲಿ ಇಡೀ ಊರಿನ ತರಕಾರಿ ಅನಸೂಯಮ್ಮನ ಹೆಸರಿನ ಸ್ಟಿಕ್ಕರು ಅಂಟಿಸಿಕೊಂಡು ನರಸಾಪುರಕ್ಕೆ ಹೋಗತೊಡಗಿತು. ಯಾರದು ಎಷ್ಟು ಎಂಬುದನ್ನು ಗಂಗಾಲಕ್ಷ್ಮಿ ಬೇರೆಯಾಗಿ ಬರೆದಿಟ್ಟುಕೊಂಡು ದುಡ್ಡು ಹಂಚುತ್ತಿದ್ದಳು, ಅದರಲ್ಲಿ ಒಬ್ಬರೂ ತಕರಾರು ತೆಗೆಯಲಿಲ್ಲ. ಔಷಧಿಯ ಪ್ರಶ್ನೆ ಬಂದಾಗ ಅವಳ ಹೆಬ್ಬೆರಳು ತಾನಾಗಿಯೇ 'ಇಲ್ಲ' ಎಂಬುದರ ಮೇಲೆ ಬೀಳುತ್ತಿತ್ತು. ಅನಸೂಯಮ್ಮ ಮದ್ದು ಹೊಡೆಯುತ್ತಿರಲಿಲ್ಲ, ಅದು ನಿಜ. ಉಳಿದವರ ಬಗ್ಗೆ ಕೇಳುವುದನ್ನು ಅವಳು ಬಿಟ್ಟಿದ್ದಳು.

ಆ ಬೆಳಿಗ್ಗೆ ಗಾಡಿ ಹೊರಟು ಸ್ವಲ್ಪ ಹೊತ್ತಾಗಿತ್ತು. ಅಂದು ಬರೀ ಹುರುಳಿಕಾಯಿ, ಗಾಡಿ ತುಂಬ. ಗಂಗಾಲಕ್ಷ್ಮಿ ಶೆಡ್ಡು ಗುಡಿಸುತ್ತಿದ್ದಾಗ ಕದಿರಮ್ಮ ಬಂದಳು. ಅಶ್ವತ್ಥಪ್ಪನ ಹೆಂಡತಿ, ಆ ದಿನ ಎಲ್ಲರಿಗಿಂತ ಮೊದಲು ಕಾಯಿ ತಂದು ಹಾಕಿ ಹೋದವಳು. ಈಗ ಡೈರಿ ಗೋಡೆಗೆ ಕೈಯೂರಿ ಒಂದೊಂದೇ ಹೆಜ್ಜೆ ಹಾಕುತ್ತಿದ್ದಳು. ಬಾಯಿಂದ ಜೊಲ್ಲು ಸೋರುತ್ತಿತ್ತು, ಸೆರಗಿನಲ್ಲಿ ಒರೆಸಿಕೊಂಡಷ್ಟೂ ಸೋರುತ್ತಿತ್ತು.

"ಕಳ್ಳು ತಿರುಗ್ತಾಂಡಾಯಿ, ಗಂಗಾ," ಎಂದು ತೆಲುಗಿನಲ್ಲೇ ಹೇಳಿ, ಕಣ್ಣು ತಿರುಗುತ್ತಿದೆ ಎಂಬುದನ್ನು ಕೈಯಲ್ಲೂ ತೋರಿಸಿ, ಮೆಟ್ಟಿಲ ಮೇಲೆ ಕುಸಿದಳು. ಅಲ್ಲೇ ವಾಂತಿ ಮಾಡಿಕೊಂಡಳು.

ಗಂಗಾಲಕ್ಷ್ಮಿ ಓಡಿ ಹೋಗಿ ಹಿಡಿದುಕೊಂಡಳು. ಕದಿರಮ್ಮನ ಕೈ, ಮೊಣಕೈ ಕೆಂಪಾಗಿ ಬೆವೆತಿದ್ದವು. ಸೀರೆಯ ಹತ್ತಿರ ಮೂಗು ತಂದಾಗ ಬಂದ ವಾಸನೆ ಅವಳಿಗೆ ಚೆನ್ನಾಗಿ ಗೊತ್ತಿದ್ದದ್ದೇ.

"ಅಕ್ಕಾ, ಹೊಲಕ್ಕೆ ಮದ್ದು ಹೊಡದ್ರಾ? ಯಾವಾಗ ಹೊಡದ್ರು? ಹೇಳಕ್ಕಾ!"

"ನಂಗೊತ್ತಿಲ್ಲ ಕಣೇ. ನಾನು ಮುಳಬಾಗಿಲಲ್ಲಿ ಮಗಳ ಮನೇಲಿದ್ದೆ, ನಿನ್ನೆ ಕತ್ತಲಾದ್ಮೇಲೆ ಬಂದೆ. ಬೆಳಿಗ್ಗೆ ಕೀಳುವಾಗ ಎಲೆಯೆಲ್ಲಾ ಒದ್ದೆ ಇತ್ತು. ಮಂಜು ಅನ್ಕೊಂಡೆ."

"ವಾಸನೆ ಬರ್ಲಿಲ್ವಾ?"

"ಪಕ್ಕದ ಟೊಮೇಟೋ ತೋಟದಿಂದ ದಿನಾ ಬರುತ್ತಲ್ಲೇ..."

ಅಶ್ವತ್ಥಪ್ಪ ಬೆಳಗಾಗುವ ಮೊದಲೇ ಶ್ರೀನಿವಾಸಪುರದ ಮಾವಿನ ತೋಟವೊಂದರ ಕೆಲಸಕ್ಕೆ ಹೋಗಿದ್ದ. ಗಂಗಾಲಕ್ಷ್ಮಿ ಅವನಿಗೆ ಫೋನ್ ಮಾಡಿದಳು. ಮೂರನೇ ಸಲಕ್ಕೆ ಎತ್ತಿದ.

"ಹೌದು, ನಿನ್ನೆ ಸಂಜೆ ಹೊಡೆದೆ. ಹುಳ ಬಿದ್ದಿತ್ತು, ಮತ್ತಿನ್ನೇನು ಪೂಜೆ ಮಾಡ್ಲಾ? ಅವಳು ಯಾಕೆ ಕೀಳಕ್ಕೆ ಹೋದ್ಲು? ನಾಲ್ಕೈದು ದಿನ ಬಿಟ್ಟು ಕೀಳೋದು ತಾನೇ."

"ಅವಳಿಗೆ ಹೇಳಿದ್ದೀಯಾ ಮಾವ?"

"ಈಗ ಹೆಂಗವ್ಳೆ?" ಎಂದ. ದನಿ ಇಳಿದಿತ್ತು.

ಡೈರಿಗೆ ಹಾಲು ಹಾಕಲು ಬಂದಿದ್ದವರ ಆಟೋದಲ್ಲಿ ಕದಿರಮ್ಮನನ್ನು ಮಲಗಿಸಿದರು. ಯಾವ ಮದ್ದು ಎಂದು ಅಶ್ವತ್ಥಪ್ಪನಿಂದಲೇ ತಿಳಿದುಕೊಂಡು, ಖಾಲಿ ಡಬ್ಬಿಯನ್ನು ಅವನ ಹಟ್ಟಿಯ ಮೂಲೆಯಿಂದ ತಂದು, ಅದನ್ನೂ ಜೊತೆಗಿಟ್ಟು ಮಾಲೂರಿನ ಆಸ್ಪತ್ರೆಗೆ ಕಳಿಸಿದರು. ಜೊತೆಯಲ್ಲಿ ಅನಸೂಯಮ್ಮ ಹತ್ತಿದಳು. ಆಟೋ ತಿರುವಿನಲ್ಲಿ ಮರೆಯಾದ ಮೇಲೆ ಗಂಗಾಲಕ್ಷ್ಮಿಯ ತಲೆಯೊಳಗೆ ಎರಡನೆಯ ಯೋಚನೆ ಬಂದು ಬಡಿಯಿತು.

ಕದಿರಮ್ಮನ ಹುರುಳಿಕಾಯಿ ಗಾಡಿಯಲ್ಲಿತ್ತು.

ಯಾವ ಕ್ರೇಟು? ಅವಳಿಗೆ ತಿಳಿಯದು. ಎಲ್ಲದರ ಮೇಲೂ ಅನಸೂಯಮ್ಮನ ಹೆಸರು. ತುಂಬುವಾಗ ಅರ್ಧ ಖಾಲಿಯಿದ್ದ ಕ್ರೇಟುಗಳಿಗೆ ಮತ್ತೊಬ್ಬರ ಕಾಯಿ ಸುರಿದು ಸಮ ಮಾಡಿದ್ದೂ ಅವಳೇ.

ಆ್ಯಪಿನಲ್ಲಿ ಕೆಂಪು ಬಣ್ಣದ ಒಂದು ಗುಂಡಿಯಿತ್ತು, 'ತಡೆಯಿರಿ' ಎಂದು. ಒತ್ತಿದರೆ ಅಡುಗೆಮನೆಯವರಿಗೆ ಈ ಮಾಲು ಬಳಸಬೇಡಿ ಎಂಬ ಎಚ್ಚರಿಕೆ ಹೋಗುತ್ತದೆ, ಜೊತೆಗೆ ಆ ರೈತನ ಹೆಸರು ತನಿಖೆ ಮುಗಿಯುವವರೆಗೆ ಲಾಕ್ ಆಗುತ್ತದೆ. ಅವಳು ಮೊದಲು ಉಮಾಶಂಕರನಿಗೆ ಫೋನ್ ಮಾಡಿದಳು.

"ಒತ್ತಬೇಡಿ, ಒತ್ತಬೇಡಿ," ಎಂದ ಅವನು ಗಾಬರಿಯಿಂದ. "ಒತ್ತಿದ್ರೆ ಇಡೀ ಸೆಂಟರ್ ಕೆಂಪಾಗುತ್ತೆ. ಅವರು ಕಾಂಟ್ರ್ಯಾಕ್ಟೇ ನಿಲ್ಲಿಸ್ತಾರೆ. ನಾನು ಕಿಚನ್ ಮ್ಯಾನೇಜರ್ ವೇಣುಗೋಪಾಲ್‌ಗೆ ಫೋನಲ್ಲೇ ಹೇಳ್ತೀನಿ, ತೆಗೆದು ಪಕ್ಕಕ್ಕಿಡ್ತಾರೆ. ನೀವು ಸುಮ್ನಿರಿ."

ಅವಳು ಸುಮ್ಮನಿದ್ದಳು. ಶೆಡ್ಡಿನೊಳಗೆ ಅತ್ತಿಂದಿತ್ತ ಓಡಾಡಿದಳು. ಮತ್ತೆ ಫೋನ್ ಮಾಡಿದಳು.

"ಎತ್ತುತ್ತಿಲ್ಲ," ಎಂದ. "ಎತ್ತುತ್ತಾರೆ. ಇನ್ನೂ ಟೈಮಿದೆ."

ಟೈಮಿಲ್ಲ ಎಂಬುದು ಆ ಅಡುಗೆಮನೆಯಲ್ಲಿ ಕೂತು ಹೆಚ್ಚಿದ್ದ ಅವಳಿಗೆ ಗೊತ್ತಿತ್ತು. ತರಕಾರಿ ಇಳಿಸಿದ ಕೂಡಲೇ ತೊಟ್ಟಿಗೆ ಸುರಿಯುತ್ತಾರೆ, ಒಂದು ನೀರು ತೆಗೆದು ಹೆಚ್ಚಲು ಕೂರುತ್ತಾರೆ. ಅಲ್ಲಿಂದ ಊಟ ಹೋಗುವ ಕಾರ್ಖಾನೆಗಳಲ್ಲಿ ನರೇಶನದೂ ಒಂದು. ಅವನಿಗೆ ಫೋನ್ ಮಾಡೋಣವೆಂದರೆ ಅದು ಲಾಕರಿನಲ್ಲಿ. ಅಡುಗೆಮನೆಯ ಹೆಂಗಸರ ಫೋನುಗಳೂ ಗೇಟಿನಲ್ಲೇ. ಅಲ್ಲಿ ಊಟಕ್ಕೆ ಕೂರುವ ಸಾವಿರಾರು ಜನರಲ್ಲಿ ಒಬ್ಬರಿಗೂ ಇಲ್ಲಿಂದ ಒಂದು ಮಾತು ಮುಟ್ಟಿಸುವ ದಾರಿ ಇರಲಿಲ್ಲ. ಈ ಕೆಂಪು ಗುಂಡಿಯೊಂದನ್ನು ಬಿಟ್ಟು.

ಅವಳು ಗುಂಡಿ ಒತ್ತಿದಳು. 'ಕಾರಣ' ಎಂದು ಕೇಳಿತು. "ನಿನ್ನೆ ಸಂಜೆ ವಿಷ ಹೊಡೆದಿದೆ" ಎಂದು ಬರೆದಳು. ಪರದೆಯ ಮೇಲೆ ಅನಸೂಯಮ್ಮನ ಹೆಸರು ಕೆಂಪಾಯಿತು. ಎಚ್ಚರಿಕೆ ಹೋಗಿದೆ ಎಂದು ಬಂತು. ಅದನ್ನು ಯಾರಾದರೂ ನೋಡಿದರು ಎಂಬ ಗುರುತು ಬರಲಿಲ್ಲ. ಕಾದಳು. ಬರಲಿಲ್ಲ. ಶೆಡ್ಡಿನ ಬಾಗಿಲನ್ನೂ ಎಳೆಯದೆ ಸ್ಕೂಟಿ ಹತ್ತಿದಳು.

ನರಸಾಪುರದ ದಾರಿಯುದ್ದಕ್ಕೂ ಅವಳ ಕಣ್ಣ ಮುಂದೆ ಸುಳಿಯುತ್ತಿದ್ದದ್ದು ಕದಿರಮ್ಮನ ಬಾಯಿಂದ ಇಳಿಯುತ್ತಿದ್ದ ಆ ಜೊಲ್ಲು. ನೀಲಗಿರಿ ತೋಪುಗಳ ಪಕ್ಕದ ಕಿತ್ತುಹೋದ ರಸ್ತೆಯಲ್ಲಿ ಸ್ಕೂಟಿ ಕುಪ್ಪಳಿಸಿತು. ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಲೇ ಇತ್ತು. ಉಮಾಶಂಕರನೆಂದು ಗೊತ್ತಿದ್ದೂ ಅವಳು ನಿಲ್ಲಿಸಲಿಲ್ಲ.

ಗೇಟಿನಲ್ಲಿ ಸೆಕ್ಯುರಿಟಿಯವನು ಅಡ್ಡಗಟ್ಟಿದ. "ಪಾಸು ಮೇಡಂ?"

"ನಾನು ತರಕಾರಿ ಕಳಿಸೋ ಸೆಂಟರಿನವಳು. ಬೆಳಿಗ್ಗೆ ಬಂದ ಬೀನ್ಸಲ್ಲಿ ವಿಷ ಇದೆ. ಒಳಗೆ ಹೇಳ್ಬೇಕು, ಬೇಗ."

ವಿಷ ಎಂದ ಕೂಡಲೇ ಅವನು ಇನ್ನಷ್ಟು ಗಟ್ಟಿಯಾದ. "ಹಂಗೆಲ್ಲಾ ಮಾತಾಡ್ಬೇಡಿ ಮೇಡಂ. ಮ್ಯಾನೇಜರ್ ಮೀಟಿಂಗಲ್ಲಿದ್ದಾರೆ. ಅಲ್ಲಿ ಕೂತ್ಕೊಳ್ಳಿ."

"ಕೂರಕ್ಕಾಗಲ್ಲಪ್ಪ! ಒಳಗಡೆ ಫೋನ್ ಇದೆಯಲ್ಲ, ಹೆಚ್ಚೋ ಕಡೆ, ಗೋಡೇಲಿ. ಅದಕ್ಕೆ ಮಾಡು. ಶಾಮಲಮ್ಮ ಅಂತ ಕರಿ."

ಶಾಮಲಮ್ಮ ಹಿಂದೆ ಅವಳ ಪಕ್ಕದಲ್ಲೇ ಕೂತು ಹೆಚ್ಚುತ್ತಿದ್ದವಳು, ಈಗ ಆ ಹೆಂಗಸರಿಗೆಲ್ಲ ಮುಂದಾಳು. ಹೆಸರು ಹಿಡಿದು ಹೇಳಿದ್ದಕ್ಕೋ, ಅವಳ ಮುಖ ನೋಡಿಯೋ ಅವನು ರಿಸೀವರ್ ಎತ್ತಿದ. ಗಂಗಾಲಕ್ಷ್ಮಿ ಅದನ್ನು ಅವನ ಕೈಯಿಂದ ಕಿತ್ತುಕೊಂಡಳು.

"ಶಾಮಲಕ್ಕಾ, ನಾನು ಗಂಗಾ. ಟೇಕಲ್ ಗಂಗಾ. ಬೀನ್ಸ್ ಮುಟ್ಬೇಡಿ, ಯಾರೂ ಮುಟ್ಬೇಡಿ. ಮದ್ದು ಹೊಡೆದಿದ್ದು ಬಂದ್ಬಿಟ್ಟಿದೆ."

"ಅಯ್ಯೋ, ಆಗ್ಲೇ ಹೆಚ್ಚಿ ಆಯ್ತಲ್ಲೇ. ಒಂದು ಪಾತ್ರೆ ಬೇಯಕ್ಕೂ ಹಾಕಿದಾರೆ."

"ಇಳಿಸಕ್ಕಾ. ನಿನ್ನ ಕಾಲಿಗೆ ಬೀಳ್ತೀನಿ, ಒಲೆ ಆರಿಸು."

ಒಳಗೆ ಶಾಮಲಮ್ಮ ಯಾರನ್ನೂ ಕೇಳಲಿಲ್ಲ. ಪಾತ್ರೆಗೆ ಸ್ಟೀಮ್ ಬಿಡುವ ತಿರುಪನ್ನು ತಾನೇ ತಿರುಗಿಸಿ ನಿಲ್ಲಿಸಿ, ಹೆಂಗಸರನ್ನೆಲ್ಲ ಎಬ್ಬಿಸಿ ಕೈ ತೊಳೆಯಲು ಓಡಿಸಿದಳು. ಅಡುಗೆಭಟ್ಟರು ಕೂಗಾಡಿದರು. ಆ ಗಲಾಟೆಗೆ ವೇಣುಗೋಪಾಲ್ ಮೀಟಿಂಗ್ ಬಿಟ್ಟು ಬಂದ, ಗೇಟಿಗೆ ಹೇಳಿ ಗಂಗಾಲಕ್ಷ್ಮಿಯನ್ನು ಒಳಗೆ ಕರೆಸಿದ.

"ಇಂಥಾ ವಿಷಯಕ್ಕೆ ಆ್ಯಪಲ್ಲಿ ಅಲರ್ಟ್ ಹಾಕ್ಬೇಕು ಅಂತ ಗೊತ್ತಿಲ್ವಾ ನಿಮಗೆ?" ಎಂದ ಸಿಟ್ಟಿನಿಂದ.

"ಹಾಕಿದೀನಿ ಸಾರ್. ನೋಡಿ."

ಟ್ಯಾಬ್ ಹುಡುಕಿದರು. ಅದು ಅವನ ರೂಮಿನ ಬೀರುವಿನೊಳಗಿತ್ತು. ತೆರೆದಾಗ ಕೆಂಪು ಎಚ್ಚರಿಕೆ ಒಂಟಿಯಾಗಿ ಮಿನುಗುತ್ತಿತ್ತು. ಬೆಳಿಗ್ಗೆ ತರಕಾರಿ ಇಳಿಸುವ ಗದ್ದಲದಲ್ಲಿ ಸ್ಕ್ಯಾನ್ ಮಾಡಲು ಯಾರಿಗೂ ಪುರುಸೊತ್ತಿಲ್ಲ. ಮಧ್ಯಾಹ್ನ ಊಟವೆಲ್ಲ ಹೋದ ಮೇಲೆ ಖಾಲಿ ಕ್ರೇಟಿನ ಸ್ಟಿಕ್ಕರುಗಳನ್ನು ಒಟ್ಟಿಗೆ ಸ್ಕ್ಯಾನ್ ಮಾಡಿ ಹಸಿರು ಮಾಡುವುದು ಅಲ್ಲಿಯ ಪದ್ಧತಿ. ಇಷ್ಟು ದಿನ ಮಾಲೂರಿನಲ್ಲಿ ಕೂತು ಉಮಾಶಂಕರ್ ನೋಡುತ್ತಿದ್ದ ಹಸಿರು ಎರಡು ತುದಿಯಲ್ಲೂ ಸುಳ್ಳಾಗಿತ್ತು. ವೇಣುಗೋಪಾಲ್ ಟ್ಯಾಬನ್ನು ಮೇಜಿನ ಮೇಲಿಟ್ಟ. ಅವನ ದನಿಯ ಏರು ಸ್ವಲ್ಪ ಕುಗ್ಗಿತು.

"ಸರಿ, ಯಾವ ಕ್ರೇಟು ಹೇಳಿ. ಅದನ್ನ ಬಿಸಾಕಿ ಉಳಿದಿದ್ದು ಮಾಡ್ತೀವಿ. ಊಟಕ್ಕೆ ಹೊತ್ತಾಗ್ತಿದೆ."

"ಗೊತ್ತಿಲ್ಲ ಸಾರ್."

"ಗೊತ್ತಿಲ್ಲ ಅಂದ್ರೆ? ಸ್ಟಿಕ್ಕರ್ ಇದೆಯಲ್ಲ." ಅವನು ಕ್ರೇಟುಗಳ ಕಡೆ ನಡೆದ, ಒಂದು ಓದಿದ, ಇನ್ನೊಂದು ಓದಿದ, ಮತ್ತೊಂದು ಓದಿ ತಿರುಗಿ ನಿಂತ. "ಎಲ್ಲಾ ಒಬ್ಬಳೇ ಹೆಂಗಸಿನದಾ? ಇಷ್ಟೊಂದು ಬೀನ್ಸ್ ಒಂದು ಹೊಲದಲ್ಲಿ ಬಿಡುತ್ತೇನ್ರೀ?"

ಹೆಚ್ಚುವ ಹೆಂಗಸರೆಲ್ಲ ಒದ್ದೆ ಕೈ ಹಿಡಿದುಕೊಂಡು ನೋಡುತ್ತಿದ್ದರು. ಗಂಗಾಲಕ್ಷ್ಮಿಗೆ ನೆಲ ಬಿರಿಯಬಾರದೇ ಅನ್ನಿಸಿತು.

"ಅಲ್ಲ ಸಾರ್. ಊರಿನೋರದ್ದೆಲ್ಲಾ ಸೇರಿದೆ. ಅನಸೂಯಮ್ಮನೋರ ಹೆಸರಿಗೆ ನಾನೇ ಹಾಕ್ತಿದ್ದೆ. ಅವರು ಮದ್ದೇ ಹೊಡೆಯಲ್ಲ."

ಗಾಡಿ ತುಂಬ ಬಂದ ಕಾಯಿಯನ್ನು, ಹೆಚ್ಚಿದ್ದನ್ನೂ ಬೆಂದದ್ದನ್ನೂ ಸೇರಿಸಿ, ಅಡುಗೆಮನೆಯ ಹಿಂದೆ ತೋಡಿದ ಹಳ್ಳಕ್ಕೆ ಸುರಿದು ಮಣ್ಣು ಎಳೆಸಿದರು. ಬೆಳಗಿನ ಮಂಜಿನಲ್ಲಿ ಹತ್ತಾರು ಹೆಂಗಸರು ಬಗ್ಗಿ ಕಿತ್ತ ಎಳೆಕಾಯಿ. ಅದರಲ್ಲಿ ಬಹುಪಾಲು ಏನೂ ದೋಷವಿಲ್ಲದ್ದು. ಗಂಗಾಲಕ್ಷ್ಮಿ ಕೊನೆಯ ಕ್ರೇಟು ಬೀಳುವವರೆಗೂ ಅಲ್ಲೇ ನಿಂತಿದ್ದಳು. ಹೋಗಮ್ಮ, ನಿಂತು ಏನು ಮಾಡ್ತೀಯ ಎಂದು ಶಾಮಲಮ್ಮ ಹೇಳಿದರೂ ಕದಲಲಿಲ್ಲ.

ಸಂಜೆ ನರೇಶ ಮನೆಗೆ ಬಂದವನೇ ಚಪ್ಪಲಿ ಬಿಡುತ್ತಾ, "ಇವತ್ತು ಕ್ಯಾಂಟೀನ್ ಊಟ ಎಷ್ಟು ಲೇಟ್ ಗೊತ್ತಾ? ಪಲ್ಯಾನೂ ಇಲ್ಲ, ಬರೀ ಸಾರು, ಅನ್ನ. ಎಲ್ಲಾ ಬೈಕೊಂಡು ತಿಂದ್ರು," ಎಂದ. ಅವಳು ಅವನ ಮುಖ ನೋಡಿ ಒಂದೇ ಸಮನೆ ಅಳಲು ಶುರುಮಾಡಿದಳು. ಏನೂ ತಿಳಿಯದೆ ಅವನು ಒಂದು ಚಪ್ಪಲಿ ಕಾಲಿನಲ್ಲಿಟ್ಟುಕೊಂಡೇ ನಿಂತ.

ಕದಿರಮ್ಮ ಬದುಕಿದಳು. ಎರಡು ರಾತ್ರಿ ಕಷ್ಟವಾಯಿತು, ಆಮೇಲೆ ಎದ್ದು ಕೂತು ಗಂಜಿ ಕೇಳಿದಳು. ಮದ್ದಿನ ಡಬ್ಬಿ ಕಳಿಸಿದ್ದು ಒಳ್ಳೆಯದಾಯಿತೆಂದು ಡಾಕ್ಟರು ಅಂದರಂತೆ. ಅಶ್ವತ್ಥಪ್ಪ ಆಸ್ಪತ್ರೆಯ ವರಾಂಡ ಬಿಟ್ಟು ಅಲ್ಲಾಡಲಿಲ್ಲ.

ಆದರೆ ಊರಿನಲ್ಲಿ ಬೇರೆಯೇ ಗಾಳಿ ಎದ್ದಿತ್ತು. ಅಡುಗೆಮನೆಯವರು ಚಿಕ್ಕಕುಂಟೆಯ ಮಾಲು ನಿಲ್ಲಿಸಿದ್ದರು. ಹೊಲದಲ್ಲಿ ಕಾಯಿ ಬಲಿಯುತ್ತಿತ್ತು. ಅನಸೂಯಮ್ಮನ ಹೊಲದಲ್ಲಿ ವಿಷ ಸಿಕ್ಕಿತಂತೆ ಎಂಬ ಮಾತು ಟೇಕಲ್ ಸಂತೆಯವರೆಗೂ ಹೋಗಿತ್ತು. ಕದಿರಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಗೆ ಒಯ್ದ ಹೆಂಗಸಿಗೆ, ವಾಪಸು ಬರುವಾಗ ಬಸ್ಸಿನಲ್ಲಿ ಯಾರೋ, "ನಿಮ್ಮ ಬೀನ್ಸಂತಲ್ಲಮ್ಮ," ಎಂದು ಕೇಳಿದ್ದರು.

ಡೈರಿ ಮುಂದೆ ಮೀಟಿಂಗ್ ಸೇರಿತು. ಅದಕ್ಕೆ ಮುಂಚೆ ಉಮಾಶಂಕರ್ ಗಂಗಾಲಕ್ಷ್ಮಿಯನ್ನು ಕಾರಿನ ಹತ್ತಿರ ಕರೆದ.

"ನೋಡಿ, ನೀವು ಕಿಚನ್‌ನಲ್ಲಿ ಬಾಯಲ್ಲಿ ಹೇಳಿದ್ದು ಬಾಯಲ್ಲೇ ಹೋಯ್ತು. ರೆಕಾರ್ಡಲ್ಲಿ ಇರೋದು ಒಬ್ಬ ರೈತರ ಹೆಸರು. ಅದೊಂದೇ ಹೊಲದ ತಪ್ಪು ಅಂತ ರಿಪೋರ್ಟ್ ಹೋದ್ರೆ ಆ್ಯಪಲ್ಲಿ ಅವರೊಬ್ಬರ ಹೆಸರು ನಿಲ್ಲುತ್ತೆ, ಸೆಂಟರ್ ವಾರದಲ್ಲಿ ತೆರೆಯುತ್ತೆ. ಇಡೀ ಊರಿನ ಎಂಟ್ರಿಯೇ ಸುಳ್ಳು ಅಂತ ಹೋದ್ರೆ ಎಲ್ಲಾ ಮುಗೀತು. ನಿಮ್ಮ ಕೆಲಸಾನೂ ಸೇರಿ. ನಾನು ಊರಿನ ಒಳ್ಳೇದಕ್ಕೇ ಹೇಳ್ತಿದೀನಿ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಅದೇ ಅವಳನ್ನು ಹಿಂಡಿತು. ಊರೆಲ್ಲ ಉಳಿಯಬೇಕಾದರೆ ಒಬ್ಬಳ ಹೆಸರು ಹೋಗಬೇಕು. ಆ ಒಬ್ಬಳು ಕೂಗಿದಾಗಲೆಲ್ಲ ಒಲೆ ಮುಂದಿನಿಂದ ಎದ್ದುಬಂದು ಓಟಿಪಿ ಹೇಳಿದವಳು.

ಮೀಟಿಂಗಿನಲ್ಲಿ ಅನಸೂಯಮ್ಮ ಹಿಂದುಗಡೆ ನಿಂತಿದ್ದಳು. ಉಮಾಶಂಕರ್ ಮಾತು ಮುಗಿಸುವ ಮೊದಲೇ ಗಂಗಾಲಕ್ಷ್ಮಿ ಎದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಅನಸೂಯಮ್ಮತ್ತೆಯದು ಒಂದು ಕಾಯೀಲೂ ಮದ್ದಿಲ್ಲ. ನಿಮ್ಮೆಲ್ಲರ ಮಾಲನ್ನೂ ಅವರ ಹೆಸರಿಗೆ ಹಾಕ್ದವಳು ನಾನು. ಮದ್ದು ಹೊಡದ್ರಾ ಅಂತ ಕೇಳ್ದೆ ಇಲ್ಲ ಅಂತ ಒತ್ತಿದವಳೂ ನಾನೇ. ರಿಪೋರ್ಟಲ್ಲಿ ಹಂಗೇ ಬರೀರಿ ಸಾರ್. ಬೇರೆ ಬರೆದ್ರೆ ನಾನು ನರಸಾಪುರಕ್ಕೆ ಹೋಗಿ ಮತ್ತೆ ಹೇಳ್ತೀನಿ."

ಗದ್ದಲವೆದ್ದಿತು. ನಮ್ಮ ಬಾಯಿಗೆ ಮಣ್ಣು ಹಾಕಿದೆ ಎಂದರು. ಓದಿದವಳೆಂದು ನಂಬಿದ್ದಕ್ಕೆ ಹೀಗೆ ಎಂದರು. ಯಾರೋ, "ಅಶ್ವತ್ಥಪ್ಪ ಒಂದು ಮಾತು ಹೇಳಿದ್ರೆ ಇದೆಲ್ಲಾ ಆಗ್ತಿತ್ತೇನ್ಲಾ?" ಎಂದು ಕೂಗಿದರು. ಅಶ್ವತ್ಥಪ್ಪ ಅದೇ ಆಗ ಆಸ್ಪತ್ರೆಯಿಂದ ಬಂದಿದ್ದ. ಮೂಲೆಯಲ್ಲಿ ನಿಂತವನು ತಲೆಯೆತ್ತಲಿಲ್ಲ.

"ಹೇಳಿದ್ರೆ ತಗೋತಿದ್ರಾ ನನ್ ಮಾಲು?" ಎಂದ ಕೊನೆಗೆ. "ನೀವೆಲ್ಲಾ ಹೇಳಿದೀರಾ? ಎದೆ ಮುಟ್ಕೊಂಡು ಹೇಳಿ." ಆಮೇಲೆ, ಯಾರಿಗೂ ಅಲ್ಲವೆಂಬಂತೆ, "ಅವಳಿಗಾದ್ರೂ ಹೇಳ್ಬೇಕಿತ್ತು," ಎಂದ.



ಗಂಗಾಲಕ್ಷ್ಮಿಯ ಕೆಲಸ ಹೋಯಿತು. ಶೆಡ್ಡಿಗೆ ಬೀಗ ಬಿತ್ತು. ಊರಿನ ತರಕಾರಿ ಮೊದಲಿನಂತೆ ಮಾಲೂರು, ಕೋಲಾರದ ಮಂಡಿ ಹಿಡಿಯಿತು. ಬ್ಯಾಂಕಿನ ಮೆಸೇಜು ಓದಿಸಲು ಬರುತ್ತಿದ್ದ ಹೆಂಗಸರು ಅವಳ ಮನೆಯ ಮುಂದೆ ಮುಖ ತಿರುಗಿಸಿಕೊಂಡು ಹೋದರು. ಎಲ್ಲಕ್ಕಿಂತ ಚುಚ್ಚಿದ್ದು ಅನಸೂಯಮ್ಮನ ಮೌನ. ಬೈದಿದ್ದರೆ ಸಹಿಸಬಹುದಿತ್ತು.

ಅಡುಗೆಮನೆಯವರು ತಿಂಗಳಾದ ಮೇಲೆ ಮತ್ತೆ ಬಂದರು. ಅವರಿಗೂ ತರಕಾರಿ ಬೇಕಿತ್ತು. ವೇಣುಗೋಪಾಲ್ ತನ್ನ ಕಡೆಯನ್ನು ಸರಿಮಾಡಿಕೊಂಡಿದ್ದ; ಟ್ಯಾಬ್ ಈಗ ಇಳಿಸುವ ಜಾಗದಲ್ಲೇ ಗೋಡೆಗೆ, ಅದರ ಜವಾಬ್ದಾರಿ ಶಾಮಲಮ್ಮನದು, ಅವಳು ಸ್ಕ್ಯಾನ್ ಮಾಡದೆ ಒಂದು ಕ್ರೇಟೂ ಒಳಗೆ ಹೋಗುವಂತಿಲ್ಲ. ಹಳ್ಳಿಯ ಕಡೆ ಅವನ ಷರತ್ತು ಒಂದೇ: ಕೀಳುವವರ ಕೈಯಲ್ಲೇ ನಂಬರು ಇರಬೇಕು. ಇದಕ್ಕೆ ಒಂದಷ್ಟು ಮನೆಗಳು ಒಪ್ಪಿದವು, ಒಂದಷ್ಟು ಒಪ್ಪಲಿಲ್ಲ. ಹೆಂಗಸಿಗೆ ಬೇರೆ ಫೋನು ಯಾಕೆ ಎಂದ ಮನೆಗಳು ಇಂದಿಗೂ ಮಂಡಿಗೇ ಹಾಕುತ್ತವೆ. ಕದಿರಮ್ಮನಿಗೆ ಫೋನು ತಂದುಕೊಟ್ಟವನು ಅಶ್ವತ್ಥಪ್ಪನೇ. ಮದ್ದು ಹೊಡೆದ ದಿನ ಅವನು ಬದುವಿನ ಗೂಟಕ್ಕೆ ಒಂದು ಕೆಂಪು ಬಟ್ಟೆ ಕಟ್ಟುತ್ತಾನೆ. ಫೋನಿನಲ್ಲಿ ಹೇಳಲು ಅವನಿಗೆ ಈಗಲೂ ಮನಸ್ಸಿಲ್ಲ. ಬಟ್ಟೆ ನೋಡಿ ಕದಿರಮ್ಮ ಆ್ಯಪಿನಲ್ಲಿ 'ಹೌದು' ಎಂದು ಹಾಕುತ್ತಾಳೆ.

ಸೆಂಟರು ನೋಡಿಕೊಳ್ಳಲು ಮತ್ತೆ ಗಂಗಾಲಕ್ಷ್ಮಿಯೇ ಬರಲಿ ಎಂದದ್ದು ವೇಣುಗೋಪಾಲ್. ಉಮಾಶಂಕರ್ ಬೇಡವೆನ್ನಲಿಲ್ಲ. ಅವಳು ಒಂದು ಮಾತು ಕೇಳಿದಳು: ಅನಸೂಯಮ್ಮನ ಹೆಸರಿನ ಮೇಲಿನ ಕೆಂಪು ತೆಗೆಯಬೇಕು.

ಅದು ಅಷ್ಟು ಸುಲಭವಿರಲಿಲ್ಲ. ಒಮ್ಮೆ ಲಾಕಾದ ಹೆಸರನ್ನು ತೆಗೆಯುವುದು ಹೇಗೆಂದು ಮಾಲೂರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ್ಯಪ್ ಮಾಡಿದ ಬೆಂಗಳೂರಿನವರಿಗೆ ಫೋನ್ ಮಾಡಿದರೆ, ಅವರ ಮನೆಯ ಇನ್ನೊಬ್ಬರ ಹೆಸರಿನಲ್ಲಿ ಹೊಸದಾಗಿ ಮಾಡಿಸಿ, ಒಂದು ನಿಮಿಷದ ಕೆಲಸ, ಎಂದರು. ಗಂಗಾಲಕ್ಷ್ಮಿ ಮೀಟಿಂಗಾದ ಮೇಲೆ ಮೊದಲ ಸಲ ಅನಸೂಯಮ್ಮನ ಮನೆ ಮೆಟ್ಟಿಲು ಹತ್ತಿದ್ದು ಇದನ್ನು ಕೇಳಲು.

ಅನಸೂಯಮ್ಮನ ಸೊಸೆ ಚಂದನ, "ಆಗ್ಲಿ ಬಿಡತ್ತೆ, ಯಾರ ಹೆಸರಾದ್ರೇನು," ಎಂದಳು.

ಅನಸೂಯಮ್ಮ ರಾಗಿ ಕೇರುತ್ತಿದ್ದವಳು ಮೊರ ನಿಲ್ಲಿಸಿದಳು. "ನಾನೇನು ಸತ್ತಿದೀನಾ? ಮಾಡದೇ ಇರೋ ತಪ್ಪಿಗೆ ನಾನು ಹೆಸರು ಬದಲಾಯಿಸ್ಕೋಬೇಕಾ? ಕೆಡಿಸಿದವಳು ನೀನು. ಸರಿ ಮಾಡ್ಕೊಂಡು ಬಾ."

ಅವಳು ಓಡಾಡಿದಳು. ವೇಣುಗೋಪಾಲನ ಹತ್ತಿರ ಬರೆಸಿಕೊಂಡಳು, ಉಮಾಶಂಕರನ ಮುಂದೆ ಹಠ ಹಿಡಿದು ಕೂತಳು. ತನ್ನ ತಪ್ಪನ್ನು ಎಷ್ಟು ಜನ ಅಪರಿಚಿತರಿಗೆ ಫೋನಿನಲ್ಲಿ ಮೊದಲಿನಿಂದ ಹೇಳಿದಳೋ, ಲೆಕ್ಕವಿಲ್ಲ. ಒಬ್ಬ ಹುಡುಗಿ ನಕ್ಕೇಬಿಟ್ಟಳು, ಇದೊಂದು ಹೆಸರಿಗಾಗಿ ಇಷ್ಟು ಸಲ ಯಾರೂ ಫೋನ್ ಮಾಡಿಲ್ಲ ಮೇಡಂ ಎಂದು. ಒಂದು ಬೇಸಿಗೆ ಪೂರ್ತಿ ಹೀಗೇ ಕಳೆಯಿತು. ಮಾವಿನ ಸುಗ್ಗಿ ಮುಗಿದು ಮೊದಲ ಮಳೆ ಬಿದ್ದ ವಾರ, ಬೆಳಿಗ್ಗೆ ಸೆಂಟರು ತೆರೆದು ನೋಡುತ್ತಾಳೆ, ಅನಸೂಯಮ್ಮ ಎಂಬ ಹೆಸರು ಉಳಿದವರ ಹೆಸರಿನಂತೆಯೇ ಕಪ್ಪಗಿದೆ.

ಎದುರು ಮನೆಗೆ ಓಡಿದಳು. ಅನಸೂಯಮ್ಮ ಕನ್ನಡಕ ಹಾಕಿಕೊಂಡು ಪರದೆಯನ್ನು ಹತ್ತಿರ ತಂದು ಬಹಳ ಹೊತ್ತು ನೋಡಿದಳು. ತನ್ನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿಕೊಂಡಳು. ಫೋನು ಹಿಂದಿರುಗಿಸಿದಳು. ಮುಖದಲ್ಲಿ ನಗುವೇನೂ ಇರಲಿಲ್ಲ.

"ನಾಳೆ ಬದನೆಕಾಯಿ ಕೀಳ್ತೀವಿ," ಎಂದಳು. "ಹೊಲಕ್ಕೆ ಬಂದು ಕಣ್ಣಾರೆ ನೋಡ್ಕೊಂಡು ಹೋಗು. ನೋಡ್ದೆ ಏನೂ ಒತ್ತಬೇಡ."

"ಬರ್ತೀನತ್ತೆ," ಎಂದಳು ಗಂಗಾಲಕ್ಷ್ಮಿ.

ಅನಸೂಯಮ್ಮ ಒಳಗೆ ಹೋಗುತ್ತಾ, ಬೆನ್ನು ತಿರುಗಿಸಿಕೊಂಡೇ, ಕಾಫಿ ಕುಡಿದು ಹೋಗು ಎಂದಳು.